ಮಾಮಾನ ರೊಟ್ಟಿ ಮಷೀನಿಗೆ ಮೆತ್ತಗಿನ ಡಿಟೆಕ್ಟರ್

ಆರಿಸುವ ಕೆಲಸ ನನಗೆ ಯಾವತ್ತೂ ಒಗ್ಗಿಲ್ಲ. ಸೀರೆ ಅಂಗಡಿಯಲ್ಲಿ ಮೊದಲು ಬಿಚ್ಚಿ ಹಾಸಿದ ಸೀರೆಯನ್ನೇ ಕಟ್ಟಿಸಿಕೊಂಡು ಹೊರಬರುವ ಹೆಂಗಸು ಹೈದರಾಬಾದಿನ ಇಡೀ ಅಬಿಡ್ಸ್‌ಗೆ ನಾನೊಬ್ಬಳೇ ಇರಬೇಕು. ಅಂಗಡಿಯವನಿಗೇ ಸಂಕಟವಾಗಿ, ಇನ್ನೂ ನಾಲ್ಕು ನೋಡಿ ಮೇಡಂ ಎಂದು ಬೇಡಿಕೊಂಡದ್ದುಂಟು. ತರಕಾರಿಗೆ ಹೋದರೆ ಬೆಂಡೆಕಾಯಿಯ ತುದಿ ಮುರಿದು ನೋಡುವ ವ್ಯವಧಾನ ನನಗಿಲ್ಲ. ಮೈಸೂರಿನ ಕಡೆಯವರಾದ ನನ್ನ ಗಂಡ ಅದನ್ನೊಂದು ವ್ರತದಂತೆ ಮಾಡುತ್ತಾರೆ. ಅವರು ತಂದ ಬೆಂಡೆಕಾಯಿ ಪಲ್ಯವಾಗುತ್ತದೆ. ನಾನು ತಂದದ್ದು ನಾರಾಗಿ ಹಲ್ಲಿನ ಸಂದಿಯಲ್ಲಿ ಉಳಿಯುತ್ತದೆ. ಮದುವೆಯ ವಿಷಯದಲ್ಲೂ ನಾನು ಮೊದಲು ನೋಡಲು ಬಂದ ಗಂಡನ್ನೇ ಒಪ್ಪಿಬಿಟ್ಟೆ ಎಂದು ಅವರು ಆಗಾಗ ನೆನಪಿಸುತ್ತಾರೆ. ಅದು ಯಾರಿಗೆ ಹೊಗಳಿಕೆ, ಯಾರಿಗೆ ತೆಗಳಿಕೆ ಎನ್ನುವುದು ನಮ್ಮಿಬ್ಬರ ನಡುವೆ ಇನ್ನೂ ಇತ್ಯರ್ಥವಾಗಿಲ್ಲ. ಇಂಥ ನನಗೆ ತಿಂಗಳು ತಿಂಗಳು ಸಂಬಳ ಬರುತ್ತಿರುವುದು ಮಾತ್ರ ಆರಿಸುವುದಕ್ಕೇ.

ನಾನು ಕೆಲಸ ಮಾಡುವುದು ಹೈದರಾಬಾದಿನ ಹೊರಗೊಂದು ಖಾಸಗಿ ಪರೀಕ್ಷಾಲಯದಲ್ಲಿ. ಮಿಕ್ಸರು, ಪಂಪು, ಚಾರ್ಜರು, ಹಾಲು ಕರೆಯುವ ಯಂತ್ರ, ಹೀಗೆ ಕರೆಂಟು ಕುಡಿಯುವ ಸಕಲವೂ ನಮ್ಮಲ್ಲಿಗೆ ಬರುತ್ತವೆ. ಅವು ಓಡುವಾಗ ಕರೆಂಟಿನ ತಂತಿಯೊಳಕ್ಕೆ ಎಷ್ಟು ಗದ್ದಲ ಬಿಡುತ್ತವೆ ಎಂದು ನಾವು ಅಳೆಯುತ್ತೇವೆ. ಕಿವಿಗೆ ಕೇಳುವ ಗದ್ದಲವಲ್ಲ ಅದು. ನಿಮ್ಮ ಮನೆಯಲ್ಲಿ ಚಟ್ನಿ ರುಬ್ಬಿದರೆ ಪಕ್ಕದ ಮನೆಯ ರೇಡಿಯೋ ಗರಗರ ಎನ್ನುತ್ತದಲ್ಲ, ಆ ಜಾತಿಯದು. ಅದನ್ನು ಅಳೆಯುವ ಪೆಟ್ಟಿಗೆಗೆ ಸ್ಪೆಕ್ಟ್ರಮ್ ಅನಲೈಸರ್ ಎಂದು ಹೆಸರು. ಅದರ ಪರದೆಯ ಮೇಲೆ ಒಂದು ಕೆಂಪು ಗೆರೆ ಇರುತ್ತದೆ, ಅದು ಮಿತಿ. ಒಂದು ಹಳದಿ ಗೆರೆ ಬೆಟ್ಟ ಕಣಿವೆಗಳಾಗಿ ಕುಣಿಯುತ್ತಿರುತ್ತದೆ, ಅದು ಯಂತ್ರದ ಗದ್ದಲ. ಹಳದಿ ಕೆಂಪಿನ ಕೆಳಗೇ ಇದ್ದರೆ ಪಾಸು, ಮೇಲೆ ತಲೆ ಹಾಕಿದರೆ ಫೇಲು. ಇಷ್ಟೇ ಆಗಿದ್ದರೆ ನನ್ನ ಕೆಲಸವನ್ನು ಯಾರು ಬೇಕಾದರೂ ಮಾಡಬಹುದಿತ್ತು.

ತೊಡಕು ಎಲ್ಲಿದೆ ಎಂದರೆ, ಆ ಪರದೆಯಲ್ಲಿ ಇರುವ ಚುಕ್ಕೆಗಳು ಕೆಲವೇ, ಬರುವ ಅಳತೆಗಳು ಲೆಕ್ಕವಿಲ್ಲದಷ್ಟು. ಒಂದೊಂದು ಚುಕ್ಕೆಯೂ ಸಾವಿರಾರು ಅಳತೆಗಳ ಪರವಾಗಿ ನಿಂತು ಮಾತಾಡಬೇಕು. ಒಂದು ತುಂಬಿದ ಮನೆ ಇದೆ ಎನ್ನಿ. ನೀವು ಬಾಗಿಲಿಗೆ ಹೋಗಿ, ಮನೆಯಲ್ಲಿ ಹೇಗಿದ್ದೀರಿ ಎಂದು ಕೇಳಿದರೆ ಒಬ್ಬರೇ ಹೊರಗೆ ಬಂದು ಉತ್ತರ ಕೊಡಬೇಕು. ಯಾರನ್ನು ಕಳಿಸಬೇಕು ಎಂದು ಒಳಗೆ ಕೂತು ತೀರ್ಮಾನಿಸುವವನೇ ಡಿಟೆಕ್ಟರ್. ಪೀಕ್ ಎನ್ನುವ ಡಿಟೆಕ್ಟರ್ ಮನೆಯಲ್ಲಿ ಎಲ್ಲರಿಗಿಂತ ಜೋರಾಗಿ ಕಿರುಚುವವರನ್ನು ಕಳಿಸುತ್ತದೆ. ಅದರ ತದ್ವಿರುದ್ಧದ್ದು ಮೂಲೆಯಲ್ಲಿ ತೂಕಡಿಸುವವರನ್ನು ಕಳಿಸುತ್ತದೆ. ಸ್ಯಾಂಪಲ್ ಎನ್ನುವುದು ಬಾಗಿಲ ಹತ್ತಿರ ಯಾರು ಸಿಕ್ಕರೆ ಅವರ ಕೈ ಹಿಡಿದು ಎಳೆದು ತರುತ್ತದೆ. ಆವರೇಜ್ ಎಲ್ಲರ ಮಾತನ್ನೂ ಕೂಡಿಸಿ ಭಾಗಿಸಿ, ಆ ಮನೆಯಲ್ಲಿ ಯಾರೂ ಆಡದ ಒಂದು ಮಾತನ್ನು ಆಡುತ್ತದೆ. ಮನೆ ಒಂದೇ, ಯಾರೂ ಸುಳ್ಳು ಹೇಳಿಲ್ಲ, ಆದರೆ ನೀವು ಒಬ್ಬೊಬ್ಬರನ್ನು ಕೇಳಿ ಒಂದೊಂದು ಅಭಿಪ್ರಾಯ ಹೊತ್ತುಕೊಂಡು ಹೋಗುತ್ತೀರಿ.

ಇವೆಲ್ಲದರ ನಡುವೆ ನನಗೆ ಬಲು ಪ್ರೀತಿಯದು ಕ್ವಾಸಿ ಪೀಕ್. ಹೆಸರು ಕೇಳಿ ಹೆದರಬೇಡಿ, ಸ್ವಭಾವ ಒಳ್ಳೆಯದು. ಎಂದೋ ಒಮ್ಮೆ ಕಿರುಚಿ ಸುಮ್ಮನಾದವರನ್ನು ಅದು ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ಮೇಲಿಂದ ಮೇಲೆ ಕಿರುಚುವವರನ್ನು ಮಾತ್ರ ಬಿಡುವುದಿಲ್ಲ. ರೇಡಿಯೋ ಕೇಳುತ್ತ ಕೂತ ಮನುಷ್ಯನಿಗೆ ಒಮ್ಮೆ ಟಪ್ ಎಂದರೆ ಪರವಾಗಿಲ್ಲ, ಟಪಟಪ ಎನ್ನುತ್ತಲೇ ಇದ್ದರೆ ತಲೆ ಕೆಡುತ್ತದೆ. ಆ ತಲೆ ಕೆಡುವುದನ್ನೇ ಅಳೆಯಲೆಂದು ಹಿಂದಿನವರು ಇದನ್ನು ಮಾಡಿದರು. ಒಂದೇ ತೊಂದರೆ, ಇದು ಬಹಳ ನಿಧಾನ. ಪ್ರತಿಯೊಂದು ಕಡೆ ನಿಂತು, ಕೇಳಿ, ಯೋಚಿಸಿ ಹೇಳುತ್ತದೆ. ಎಲ್ಲ ಕಡೆಯೂ ಇದನ್ನೇ ಹಚ್ಚಿದರೆ ಒಂದು ಮಿಕ್ಸರಿಗೆ ಒಂದು ದಿನ ಹೋಗುತ್ತದೆ. ಆದ್ದರಿಂದ ನಾವು ಮೊದಲು ಪೀಕ್ ಹಚ್ಚಿ ಸರಸರನೆ ನೋಡುತ್ತೇವೆ. ಅಬ್ಬರಿಸುವವರೇ ಕೆಂಪು ಗೆರೆಯ ಕೆಳಗಿದ್ದರೆ ಉಳಿದವರನ್ನು ಕೇಳುವುದೇ ಬೇಡ, ಪಾಸು. ಎಲ್ಲಿ ಮೇಲೆ ಹೋಗಿದೆಯೋ ಅಲ್ಲಿ ಮಾತ್ರ ಕ್ವಾಸಿ ಪೀಕ್ ಹಚ್ಚಿ, ಅದು ಹೇಳಿದ್ದನ್ನು ಕೊನೆಯ ಮಾತು ಎಂದು ಒಪ್ಪುತ್ತೇವೆ. ಅಂದರೆ ಪೀಕ್‌ನಲ್ಲಿ ಗೆರೆ ಮೀರಿದರೆ ಫೇಲಾಯಿತು ಎಂದಲ್ಲ, ಇನ್ನೂ ಏನೂ ತೀರ್ಮಾನವಾಗಿಲ್ಲ ಎಂದಷ್ಟೇ ಅರ್ಥ. ಹೊಸದಾಗಿ ಸೇರಿದವರಿಗೆಲ್ಲ ಈ ಪಾಠ ಹೇಳಿಕೊಡುವವಳು ನಾನೇ. ಅದಕ್ಕೇ ಮುಂದಿನ ಕಥೆ ಹೇಳಲು ನನಗೆ ಸ್ವಲ್ಪ ನಾಚಿಕೆ.

ನನ್ನ ಸೋದರಮಾವ ಶರಣಪ್ಪ, ನಾವೆಲ್ಲ ಕರೆಯುವುದು ಮಾಮಾ ಎಂದೇ, ಬಸವಕಲ್ಯಾಣದವರು. ಪ್ರಾಯದಲ್ಲಿ ಫಿಟ್ಟರ್ ಕೆಲಸಕ್ಕೆಂದು ಹೈದರಾಬಾದಿಗೆ ಬಂದು, ಈಗ ಬಾಲಾನಗರದ ಕಡೆ ತಮ್ಮದೇ ಒಂದು ಶೆಡ್ ಹಾಕಿಕೊಂಡಿದ್ದಾರೆ. ಊರು ಬಿಟ್ಟು ಬಂದ ಎಲ್ಲರಿಗೂ ಒಂದೊಂದು ಕೊರಗು ಇರುತ್ತದಲ್ಲ, ಮಾಮಾನ ಕೊರಗು ಬಡಿದ ಜೋಳದ ರೊಟ್ಟಿ. ಹೋಟೆಲಿನವರು ಜೊನ್ನ ರೊಟ್ಟೆ ಎಂದು ಕೊಡುವುದನ್ನು ಅವರು ಬೆರಳಿನಲ್ಲಿ ಎತ್ತಿ, ಅದರ ದಪ್ಪ ನೋಡಿ, ಯಾರೋ ತೀರಿಕೊಂಡ ಸುದ್ದಿ ಕೇಳಿದವರಂತೆ ಮುಖ ಮಾಡುತ್ತಿದ್ದರು. ಕೊನೆಗೆ ತಾವೇ ಒಂದು ಯಂತ್ರ ಮಾಡಲು ಕೂತರು. ಜೋಳದ ಹಿಟ್ಟಿಗೆ ಬಿಸಿನೀರು ಹಾಕಿ ನಾದಿ ಉಂಡೆ ಇಟ್ಟರೆ, ಕೆಳಗಿನ ತಟ್ಟೆ ತಿರುಗುತ್ತದೆ, ಮೇಲಿನಿಂದ ಅಂಗೈ ಆಕಾರದ ಒಂದು ಮರದ ಹಲಗೆ ಪಟಪಟ ಬಡಿಯುತ್ತದೆ. ಲಟ್ಟಿಸುವುದಲ್ಲ, ಒತ್ತುವುದಲ್ಲ, ಬಡಿಯುವುದು. ಈ ವ್ಯತ್ಯಾಸವನ್ನು ಅವರ ಮುಂದೆ ಮರೆತು ಮಾತಾಡಿದವರಿಗೆ ಚಹಾ ಸಿಗುತ್ತಿರಲಿಲ್ಲ.

ಯಂತ್ರಕ್ಕೆ ಗಿರಾಕಿಯೂ ಸಿಕ್ಕಿತು, ಒಂದು ದೊಡ್ಡ ಆಸ್ಪತ್ರೆಯ ಅಡುಗೆಮನೆ. ಸಕ್ಕರೆ ಕಾಯಿಲೆಯವರಿಗೆ ರೊಟ್ಟಿ ಹಾಕುವ ಯೋಜನೆ ಅವರದು. ಆದರೆ ಅಡುಗೆಮನೆಯ ಮೇಲಿನ ಮಹಡಿಯಲ್ಲೇ ಎದೆಬಡಿತ ಪರೀಕ್ಷಿಸುವ ಕೋಣೆ. ಕೆಳಗೆ ರೊಟ್ಟಿ ಬಡಿದದ್ದು ಮೇಲೆ ಎದೆ ಬಡಿದಂತೆ ಕಾಣಿಸಿದರೆ ಗತಿಯೇನು ಎಂದು ಅವರ ಇಂಜಿನಿಯರಿಗೆ ಚಿಂತೆ. ಪರೀಕ್ಷಾಲಯದ ರಿಪೋರ್ಟ್ ತಂದರೆ ನಿಮ್ಮ ಯಂತ್ರ, ವಾರದೊಳಗೆ ತರದಿದ್ದರೆ ಚಪಾತಿ ಯಂತ್ರ ಎಂದು ಹೇಳಿಬಿಟ್ಟರಂತೆ. ಜೋಳ ಸೋತು ಗೋಧಿ ಗೆಲ್ಲುವುದು ಮಾಮಾನಿಗೆ ಹೊಟ್ಟೆಪಾಡಿನ ಪ್ರಶ್ನೆ ಮಾತ್ರವಲ್ಲ, ಮಾನದ ಪ್ರಶ್ನೆಯೂ ಆಗಿತ್ತು.

ಪರೀಕ್ಷೆಯ ಹಿಂದಿನ ಸಂಜೆ ಅವರು ಮಣಿಕೊಂಡದ ನಮ್ಮ ಮನೆಗೆ ಬಂದರು. ಕೈಯಲ್ಲಿ ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ, ಡಬ್ಬಿ. ಅದನ್ನು ಕಂಡ ಕೂಡಲೇ ನನ್ನೊಳಗಿನ ಅಧಿಕಾರಿ ಎಚ್ಚರಗೊಂಡಳು. ಪರೀಕ್ಷೆಗೆ ಬಂದವರು ಕೊಡುವ ಸಿಹಿಯನ್ನು ರಿಪೋರ್ಟ್ ಕೈಗೆ ಕೊಟ್ಟ ಮೇಲೆಯೇ ಬಾಯಿಗೆ ಹಾಕುವುದು ನನ್ನ ನಿಯಮ. ಹಿಂಡಿಗೆ ಆ ನಿಯಮ ಅನ್ವಯಿಸುತ್ತದೆಯೋ ಇಲ್ಲವೋ ಎಂದು ನಾನು ಯೋಚಿಸುತ್ತಿರುವಾಗಲೇ ನನ್ನ ಗಂಡ ಡಬ್ಬಿ ತೆಗೆದು, ಮೊಸರು ಕಲಸಿ ಅರ್ಧ ಮುಗಿಸಿದ್ದರು. ಊಟದ ನಡುವೆ ಅವರೇ ಮಾಮಾನಿಗೆ ನನ್ನ ಕೆಲಸದ ಬಗ್ಗೆ ಉತ್ಸಾಹದಿಂದ ವಿವರಿಸಿದರು. ಒಂದೇ ಗದ್ದಲ ಅಂತೆ, ಒಂದು ಡಿಟೆಕ್ಟರ್ ಹಾಕಿದರೆ ಜಾಸ್ತಿ ಕಾಣುತ್ತಂತೆ, ಇನ್ನೊಂದು ಹಾಕಿದರೆ ಕಮ್ಮಿಯಂತೆ, ಯಾವುದು ಹಾಕಬೇಕು ಅಂತ ಆರಿಸೋದೇ ಇವಳ ಕೆಲಸವಂತೆ. ಮಾಮಾ ಎತ್ತಿದ ತುತ್ತನ್ನು ತಟ್ಟೆಗೆ ಇಳಿಸಿದರು. ನಂತರ ತುಂಬ ಮೆಲ್ಲಗೆ, ಉಪ್ಪು ಕೇಳುವವರ ಹಾಗೆ ಕೇಳಿದರು.

"ಪದ್ದಿ, ಅದನ್ನ ಆರಿಸೂದು ನಿನ್ನ ಕೈಯಾಗ ಐತಿ ಅಂದಮ್ಯಾಲ, ನಮ್ಮ ಮಷೀನಿಗಿ ಜರಾ ಮೆತ್ತಗಿಂದು ಹಚ್ಚಿಬಿಡು ಯವ್ವಾ."

ನಾನು ಚಮಚ ಕೆಳಗಿಟ್ಟು ಭಾಷಣ ಆರಂಭಿಸಿದೆ. ಡಿಟೆಕ್ಟರ್ ಎನ್ನುವುದು ಅಂಗಿಯ ಅಳತೆಯಲ್ಲ, ಬೇಕಾದವರಿಗೆ ಸಡಿಲ ಮಾಡಿಕೊಡಲು ಬರುವುದಿಲ್ಲ, ನನಗೆ ಮಾಮಾನೂ ಒಂದೇ, ಮಂದಿಯೂ ಒಂದೇ, ಹೀಗೆ. ನನ್ನ ಧ್ವನಿ ನನಗೇ ಬಹಳ ಹಿಡಿಸಿತು. ಮಾಮಾ ತಲೆ ಬಗ್ಗಿಸಿ ಕೇಳಿಸಿಕೊಂಡರು. ನನ್ನ ಗಂಡ ಮಾತ್ರ, ಮದುವೆಯಾಗಿ ಇಷ್ಟು ವರ್ಷವಾದರೂ ತಮಗೇ ಮೆತ್ತಗಿನದು ಹಚ್ಚಿಲ್ಲ, ನಿಮಗೆಲ್ಲಿ ಹಚ್ಚುತ್ತಾಳೆ ಬಿಡಿ ಎಂದು ಅವರಿಗೆ ಸಮಾಧಾನ ಹೇಳಿ ಉಳಿದ ಹಿಂಡಿಯನ್ನೂ ಬಡಿಸಿಕೊಂಡರು.

ಮರುದಿನ ಬೆಳಿಗ್ಗೆ ಯಂತ್ರ ಆಟೋ ಟ್ರಾಲಿಯಲ್ಲಿ ಬಂದಿಳಿಯಿತು. ಪರೀಕ್ಷೆಯಲ್ಲಿ ಯಂತ್ರ ಸುಮ್ಮನೆ ತಿರುಗಿದರೆ ಸಾಲದು, ದಿನನಿತ್ಯ ಮಾಡುವ ಕೆಲಸವನ್ನೇ ಮಾಡುತ್ತಿರಬೇಕು ಎಂಬುದು ನಿಯಮ. ಹಾಗಾಗಿ ತಗಡಿನ ಗೋಡೆಯ ನಮ್ಮ ಪರೀಕ್ಷಾ ಕೋಣೆಯಲ್ಲಿ, ಧೂಳು ಬೀಳಬಾರದೆಂದು ಚಪ್ಪಲಿ ಹೊರಗೆ ಬಿಡಿಸುವ ಜಾಗದಲ್ಲಿ, ಮಾಮಾ ಚಕ್ಕಳಮಕ್ಕಳ ಹಾಕಿ ಕೂತು ಜೋಳದ ಹಿಟ್ಟು ನಾದಿದರು. ಫ್ಲಾಸ್ಕಿನ ಬಿಸಿನೀರಿನ ಹಬೆಗೆ ಹಿಟ್ಟಿನ ವಾಸನೆ ಕೋಣೆಯನ್ನೆಲ್ಲ ತುಂಬಿತು. ನನ್ನ ಜೊತೆ ಕೆಲಸ ಮಾಡುವ ಫರ್ಹಾನಾ ಹೈದರಾಬಾದಿನ ಹಳೇ ಪಟ್ಟಣದ ಹುಡುಗಿ, ಇಂಜಿನಿಯರಿಂಗ್ ಮುಗಿಸಿ ನನ್ನ ಕೈಯಲ್ಲೇ ಕೆಲಸ ಕಲಿತವಳು. ಅವಳು ಕನ್ನಡಕದ ಮೇಲೆ ಕೂತ ಹಿಟ್ಟು ಒರೆಸಿಕೊಳ್ಳುತ್ತ ತಂತಿಗಳನ್ನು ಜೋಡಿಸಿದಳು. ಸ್ವಿಚ್ ಹಾಕಿದೆವು. ಹಲಗೆ ಪಟಪಟ ಬಡಿಯತೊಡಗಿತು, ಉಂಡೆ ಅಗಲವಾಯಿತು. ನಾವು ಹೊರಗಿನ ಕೋಣೆಗೆ ಬಂದು ಪೀಕ್ ಹಚ್ಚಿದೆವು.

ಹಳದಿ ಗೆರೆ ಎಡದಿಂದ ಓಡುತ್ತ ಬಂದು, ನಡುವೆ ನಾಲ್ಕೈದು ಕಡೆ ಕೆಂಪು ಗೆರೆಯನ್ನು ದಾಟಿ ಮೇಲೆದ್ದಿತು. ಆಶ್ಚರ್ಯವೇನಿಲ್ಲ. ಒಳಗಿರುವ ಮೋಟಾರಿನ ಕಾರ್ಬನ್ ಬ್ರಷ್ಷು ಕಿಡಿ ಹಾರಿಸುತ್ತದೆ, ಕಿಡಿ ಎಂದರೆ ಗದ್ದಲ. ದಿನಕ್ಕೊಂದು ಮಿಕ್ಸರಿನಲ್ಲಿ ಇದೇ ಚಿತ್ರ ನೋಡುತ್ತೇವೆ. ಆದರೆ ಇದನ್ನು ಪರೀಕ್ಷಾ ಕೋಣೆಯ ಕಿಟಕಿಯ ಗಾಜಿನಾಚೆಯಿಂದ ಮಾಮಾ ನೋಡಿದರು. ಕೆಂಪು ಗೆರೆಯ ಅರ್ಥ ಅವರಿಗೆ ಹಿಂದಿನ ರಾತ್ರಿಯೇ ಗೊತ್ತಾಗಿತ್ತು. ಮೋಟಾರನ್ನು ಹಾಗೆಯೇ ಓಡಲು ಬಿಟ್ಟು, ಕೈಯ ಹಿಟ್ಟನ್ನೂ ತೊಳೆಯದೆ ಹೊರಗೆ ಹೋಗಿ ಬಸವಕಲ್ಯಾಣಕ್ಕೆ ಫೋನ್ ಮಾಡಿದರು. ನಮ್ಮ ಮನೆತನದಲ್ಲಿ ಸುದ್ದಿ ಯಾವತ್ತೂ ಹೀಗೆಯೇ ಹರಡುವುದು. ಯಾರಿಗಾದರೂ ಕೆಮ್ಮು ಬಂದರೆ, ಅದು ಅಳಿಯನ ಊರು ತಲುಪುವ ಹೊತ್ತಿಗೆ ಆಸ್ಪತ್ರೆಗೆ ಸೇರಿಸಿರುತ್ತಾರೆ. ಇಡೀ ವಂಶವೇ ಪೀಕ್ ಡಿಟೆಕ್ಟರಿನದು.

ಈಗ ಕ್ವಾಸಿ ಪೀಕ್ ಹಚ್ಚಬೇಕು. ಅದು ನಿಯಮ. ಫರ್ಹಾನಾ ಗುಂಡಿಯ ಹತ್ತಿರ ಬೆರಳು ತಂದು, "ಮೇಡಂ, ಕ್ವಾಸಿ ಲಗಾದೂಂ?" ಎಂದಳು. ಅಷ್ಟರಲ್ಲಿ ಮಾಮಾ ಒಳಗೆ ಬಂದು ನನ್ನ ಬೆನ್ನ ಹಿಂದೆ ನಿಂತರು. ಆಗ ನನಗೆ ಹೊಳೆಯಿತು ನೋಡಿ, ನಾನು ಸಿಕ್ಕಿಬಿದ್ದ ರೀತಿ. ಈಗ ನಾನು ಆ ಗುಂಡಿ ಒತ್ತಿದರೆ ಹಳದಿ ಗೆರೆ ಕೆಳಗೆ ಇಳಿಯುತ್ತದೆ. ನಿನ್ನೆ ಮಾಮಾ ಬೇಡಿದ್ದೂ ಅದನ್ನೇ, ಇಂದು ನಾನು ಮಾಡುವುದೂ ಅದನ್ನೇ. ನಿಯಮ ಪಾಲಿಸುವುದಕ್ಕೂ ಸಂಬಂಧಿಕರಿಗೆ ಸಹಾಯ ಮಾಡುವುದಕ್ಕೂ ನೋಡಲು ಎಳ್ಳಷ್ಟೂ ವ್ಯತ್ಯಾಸವಿಲ್ಲ. ಮಾಮಾ ಬೆನ್ನಿಗೇ ನಿಂತು ನೋಡುತ್ತಿದ್ದಾರೆ, ನಿನ್ನೆಯ ನನ್ನ ಭಾಷಣ ಇನ್ನೂ ಅವರ ಕಿವಿಯಲ್ಲಿದೆ. ನನ್ನ ಬೆರಳು ಮೇಲೇಳಲಿಲ್ಲ. ಬೇಡ, ಪೀಕ್‌ನಲ್ಲೇ ಮಿತಿ ದಾಟಿದೆ, ಹಾಗೆಯೇ ಬರೆದುಬಿಡು ಎಂದು ಫರ್ಹಾನಾಗೆ ಹೇಳಿದೆ. ಅವಳು ನನ್ನನ್ನೇ ನೋಡಿದಳು. ನಾನು ಪರದೆ ನೋಡಿದೆ. ಯಾವ ಮಿಕ್ಸರಿಗೂ ಮಾಡದ ಅನ್ಯಾಯವನ್ನು ನನ್ನ ತಾಯಿಯ ತಮ್ಮನಿಗೆ ಮಾಡಿ, ಅದಕ್ಕೆ ಪ್ರಾಮಾಣಿಕತೆ ಎಂದು ಹೆಸರಿಟ್ಟುಕೊಂಡು ಎದೆಯುಬ್ಬಿಸಿ ಕೂತೆ.

ಊಟದ ಹೊತ್ತಿಗೆ ಅವ್ವನ ಫೋನು ಬಂತು. ಸ್ವಂತ ಸೋದರಮಾವನನ್ನೇ ಫೇಲ್ ಮಾಡಿದೆಯಂತಲ್ಲ, ಚಿಕ್ಕವಳಿದ್ದಾಗ ಹೆಗಲ ಮೇಲೆ ಹೊತ್ತು ಉರುಸಿಗೆ ಕರೆದುಕೊಂಡು ಹೋದವನು ಅವನು, ಮಿಠಾಯಿ ಬೇಕೆಂದು ಅವನ ಕೂದಲು ಕಿತ್ತದ್ದು ಮರೆತೆಯಾ ಎಂದು ಆರಂಭಿಸಿದಳು. ಹಿನ್ನೆಲೆಯಲ್ಲಿ ಚಿಕ್ಕಮ್ಮನ ಧ್ವನಿ, ದೊಡ್ಡಪ್ಪನ ಕೆಮ್ಮು. ಮನೆಯಲ್ಲಿ ಸಭೆ ಸೇರಿದೆ ಎಂದು ಗೊತ್ತಾಯಿತು. ನಾನು ಡಿಟೆಕ್ಟರುಗಳ ವಿಷಯ ಎತ್ತಿದೆ. ಅವ್ವ ಫೋನಿಟ್ಟಳು.

ನಮ್ಮ ಊಟದ ಕೋಣೆಗೆ ಹೋದರೆ, ಅಲ್ಲಿ ಮಾಮಾ ಪರೀಕ್ಷೆಯಲ್ಲಿ ಬಡಿದಿಟ್ಟ ರೊಟ್ಟಿಗಳನ್ನು ಗ್ಯಾಸಿನ ಮೇಲೆ ತವೆ ಇಟ್ಟು ಸುಡುತ್ತಿದ್ದರು. ಹಿಟ್ಟು ಕೆಡಬಾರದಲ್ಲ ಎಂದರು. ಪರೀಕ್ಷಾಲಯದ ಅರ್ಧ ಮಂದಿ ತಟ್ಟೆ ಹಿಡಿದು ಸಾಲಾಗಿ ನಿಂತಿದ್ದರು. ಉಬ್ಬಿ ಬರುವ ರೊಟ್ಟಿಯನ್ನು ಬೆರಳ ತುದಿಯಲ್ಲೇ ತಿರುಗಿಸಿ ಎಲ್ಲರಿಗೂ ಬಿಸಿಬಿಸಿ ಹಾಕಿ, ನನಗೂ ಒಂದು ಹಾಕಿದರು. ನಾನು ಏನೋ ಹೇಳಲು ಹೊರಟೆ.

"ಇರ್ಲಿ ಬಿಡವ್ವಾ," ಎಂದರು ಮಾಮಾ. "ನಿನಗ ಬರೋಬ್ಬರಿ ಅನ್ನಿಸಿದ್ದು ನೀ ಮಾಡಿದಿ. ನಾಳೆ ಅವರಿಗಿ ಚಪಾತಿ ಮಷೀನs ತರಸ್ರಿ ಅಂತ ಹೇಳಿಬಿಡ್ತೀನಿ."

ರೇಗಿದ್ದರೆ ನಾನು ತಿರುಗಿ ರೇಗಬಹುದಿತ್ತು. ಅವರು ರೇಗಲಿಲ್ಲ, ಒದ್ದೆ ಬಟ್ಟೆಯನ್ನು ಉಳಿದ ಹಿಟ್ಟಿನ ಮೇಲೆ ಹೊದಿಸಿ ಸುತ್ತಲೂ ಒತ್ತಿದರು. ನನಗೆ ಆಗ ನಿಜಕ್ಕೂ ಅಳು ಬಂತು, ಆದರೆ ಕಚೇರಿಯಲ್ಲಿ ಅಳುವುದು ಹೇಗೆಂದು ಗೊತ್ತಿಲ್ಲದ್ದರಿಂದ ನೀರು ಕುಡಿದೆ. ಪಕ್ಕದಲ್ಲಿ ಎರಡನೆಯ ರೊಟ್ಟಿ ಮುರಿಯುತ್ತಿದ್ದ ಫರ್ಹಾನಾ, ತಟ್ಟೆಯಿಂದ ತಲೆ ಎತ್ತದೆಯೇ ಕೇಳಿದಳು.

"ಮೇಡಂ, ಯೇ ಮಶೀನ್ ಕಿಸೀ ಗೈರ್ ಕಾ ರಹತಾ ತೋ ಆಪ್ ಕೌನ್ಸಾ ಡಿಟೆಕ್ಟರ್ ಲಗಾತೇ?"

ಬೇರೆ ಯಾರದೋ ಯಂತ್ರವಾಗಿದ್ದರೆ ಯಾವುದು ಹಚ್ಚುತ್ತಿದ್ದಿರಿ? ಇದಕ್ಕೆ ಉತ್ತರ ಹೇಳಲು ಒಂದು ಗಳಿಗೆಯೂ ಬೇಕಿರಲಿಲ್ಲ. ಯೋಚಿಸದೆ, ಫೋನಿನಲ್ಲಿ ಮಾತಾಡುತ್ತಲೇ, ಎಡಗೈಯಲ್ಲಿ ಕ್ವಾಸಿ ಪೀಕ್ ಒತ್ತುತ್ತಿದ್ದೆ. ಮಾಮಾನೂ ಒಂದೇ ಮಂದಿಯೂ ಒಂದೇ ಎಂದು ಅಷ್ಟು ಚೆಂದ ಭಾಷಣ ಮಾಡಿದವಳು, ಮಂದಿಗೆ ಕೊಡುವಷ್ಟನ್ನೂ ಮಾಮಾನಿಗೆ ಕೊಟ್ಟಿರಲಿಲ್ಲ. ನಾನು ಕೈ ತೊಳೆದುಕೊಂಡು ಎದ್ದೆ. ಯಂತ್ರ ಮತ್ತೆ ಹಚ್ಚೋಣ ಎಂದೆ.

ಆದರೂ ನನ್ನ ಬುದ್ಧಿ ಎಲ್ಲಿ ಹೋಗುತ್ತದೆ? ಗುಂಡಿ ಒತ್ತುವ ಮುನ್ನ ಮಾಮಾನನ್ನು ಎದುರಿಗೆ ನಿಲ್ಲಿಸಿಕೊಂಡು ಸ್ಪಷ್ಟೀಕರಣ ಕೊಟ್ಟೆ. ಇದನ್ನು ನಿಮಗಾಗಿ ಹಚ್ಚುತ್ತಿಲ್ಲ, ಇದು ಎಲ್ಲರಿಗೂ ಹಚ್ಚುವುದೇ, ನಿಯಮದಲ್ಲೇ ಇದೆ, ಬೆಳಿಗ್ಗೆಯೇ ಹಚ್ಚಬೇಕಿತ್ತು, ನೀವು ಕೇಳಿದ್ದಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಮಾಮಾ ನನ್ನ ಮುಖ ನೋಡಿದರು, ಫರ್ಹಾನಾಳ ಮುಖ ನೋಡಿದರು, ಹಿಂದೆ ಬಾಗಿಲು ಹಾಕಿದೆಯೇ ಎಂದು ತಿರುಗಿ ನೋಡಿದರು. ಆಮೇಲೆ ಬಹಳ ಗಂಭೀರವಾಗಿ, "ಖರೆ ಐತಿ, ತಿಳೀತು," ಎಂದರು. ಅವರಿಗೆ ಏನು ತಿಳಿಯಿತು ಎಂದು ಆಗಲೇ ನಾನು ಕೇಳಬೇಕಿತ್ತು.

ಕ್ವಾಸಿ ಪೀಕ್ ತನ್ನ ಎಂದಿನ ನಿಧಾನದಲ್ಲಿ ಒಂದೊಂದೇ ಕಡೆ ಕೂತು ಕೇಳಿತು. ಮೊದಲನೆಯದು ಕೆಂಪು ಗೆರೆಯ ಕೆಳಗೆ. ಎರಡನೆಯದು ಕೆಳಗೆ. ಮಾಮಾ ಕೈ ಜೋಡಿಸಿ ನಿಂತಿದ್ದರು. ಇನ್ನೊಂದು ಕೆಳಗೆ. ಕೊನೆಯ ಒಂದು ಮಾತ್ರ ಗೆರೆಯ ಮೇಲೆ ಒಂದಿಷ್ಟು ತಲೆ ಎತ್ತಿ ನಿಂತುಬಿಟ್ಟಿತು. ಅದನ್ನೂ ಜರಾ ಇಳಿಸಿಬಿಡು ಎಂದು ಮಾಮಾ ಪಿಸುಗುಟ್ಟಿದರು. ಇಳಿಸುವುದು ನನ್ನ ಕೈಯಲ್ಲಿಲ್ಲ, ಯಂತ್ರವೇ ಇಳಿಸಬೇಕು ಎಂದೆ. ಮೋಟಾರಿನ ಎರಡು ತುದಿಗೆ ಒಂದು ಕೆಪಾಸಿಟರ್ ಹಚ್ಚಿದರೆ ಕಿಡಿಯ ಗದ್ದಲವನ್ನು ಅದು ಅಲ್ಲೇ ನುಂಗಿಕೊಳ್ಳುತ್ತದೆ. ಫರ್ಹಾನಾ ಅದರ ಅಳತೆ ಹೇಳಿದಳು. ಮಾಮಾ ಆ ಕ್ಷಣವೇ ಕೋಠಿಯ ಬಿಡಿಭಾಗಗಳ ಅಂಗಡಿಗೆ ಹೊರಟರು.

ಮರುದಿನ ಕೆಪಾಸಿಟರ್ ಕೂರಿಸಿಕೊಂಡು ಬಂದರು. ನೋಡಿದರೆ, ಅದರ ಕಾಲುಗಳಿಗೆ ಗೇಣುದ್ದದ ತಂತಿ ಬೆಸೆದು, ಆ ತಂತಿಯನ್ನು ಅಂದವಾಗಿ ಸುರುಳಿ ಸುತ್ತಿ, ದಾರ ಕಟ್ಟಿ ಇಟ್ಟಿದ್ದಾರೆ. ಮುಂದೆ ಬೇಕಾದರೆ ಇರಲಿ ಎಂದು. ಹೊಸ ಫ್ಯಾನಿನ ವೈರನ್ನು ಕತ್ತರಿಸಲು ಮನಸ್ಸು ಬಾರದೆ ಸುತ್ತಿ ಗೋಡೆಗೆ ಮೊಳೆ ಹೊಡೆದು ತೂಗುಹಾಕುವ ವಂಶ ನಮ್ಮದು. ತಂತಿ ಉದ್ದವಾದಷ್ಟೂ ಕೆಪಾಸಿಟರ್ ಕೆಲಸಕ್ಕೆ ಬಾರದು ಎಂದು ಹೇಳಿದರೂ ಅವರಿಗೆ ಕತ್ತರಿಸುವ ಧೈರ್ಯವಾಗಲಿಲ್ಲ. ಕೊನೆಗೆ ಫರ್ಹಾನಾ ಕತ್ತರಿಸಿದಳು, ಅವರು ಆ ಕಡೆ ಮುಖ ತಿರುಗಿಸಿಕೊಂಡರು. ತುಂಡು ತಂತಿಯನ್ನು ಎತ್ತಿ ಜೇಬಿಗೆ ಹಾಕಿಕೊಂಡರೆನ್ನಿ. ಮತ್ತೆ ಹಿಟ್ಟು, ಮತ್ತೆ ಬಿಸಿನೀರು, ಮತ್ತೆ ಪಟಪಟ. ಪೀಕ್ ಇನ್ನೂ ಅಲ್ಲಲ್ಲಿ ಗೆರೆ ದಾಟಿತು. ಈ ಸಲ ನಾನು ಯಾರ ಮುಖವನ್ನೂ ನೋಡದೆ ಕ್ವಾಸಿ ಪೀಕ್ ಒತ್ತಿದೆ. ಹಟ ಹಿಡಿದಿದ್ದ ಆ ಕೊನೆಯದೂ ಕೆಂಪು ಗೆರೆಯ ಕೆಳಗೆ ತಣ್ಣಗೆ ಕೂತಿತು. ಆವರೇಜಿಗೆ ಇರುವ ಇನ್ನೊಂದು ಮಿತಿಯ ಕೆಳಗೂ ಗದ್ದಲ ಸಲೀಸಾಗಿ ಉಳಿಯಿತು. ಫರ್ಹಾನಾ ಚಪ್ಪಾಳೆ ತಟ್ಟಿದಳು. ಮಾಮಾ ಒಳಗಿನಿಂದ ಬಂದು, ಹಿಟ್ಟು ಮೆತ್ತಿದ ಅಂಗೈಯನ್ನು ನನ್ನ ತಲೆಯ ಮೇಲೆ ಇಟ್ಟರು. ಅವತ್ತಿನ ಸಂತೋಷವನ್ನು ನಾನು ಮರೆಯುವುದಿಲ್ಲ. ಅಂಗೈಯ ಗುರುತು ಕೂದಲಲ್ಲಿ ಇರುವಂತೆಯೇ ಮೆಟ್ರೋ ಹತ್ತಿ ನಿಂತುಕೊಂಡೇ ಮನೆಗೆ ಹೊರಟೆ, ಅಮೀರ್‌ಪೇಟ್‌ನಲ್ಲಿ ಕಾಲೇಜು ಹುಡುಗಿಯೊಬ್ಬಳು ನನ್ನ ಬೆಳ್ಳನೆಯ ತಲೆ ಕಂಡು ಎದ್ದು ಸೀಟು ಬಿಟ್ಟುಕೊಟ್ಟಾಗಲಷ್ಟೇ ನನಗೆ ತಲೆಯ ಹಿಟ್ಟು ನೆನಪಾಯಿತು.

ಆಸ್ಪತ್ರೆಯ ಅಡುಗೆಮನೆಯಲ್ಲಿ ಯಂತ್ರ ಕೂತಿತು. ಕೆಳಗೆ ರೊಟ್ಟಿ ಬಡಿಯುತ್ತದೆ, ಮೇಲೆ ಎದೆಗಳು ತಮ್ಮ ಪಾಡಿಗೆ ತಾವು ಬಡಿಯುತ್ತವೆ, ಒಂದರ ಸುದ್ದಿಗೆ ಇನ್ನೊಂದು ಹೋಗುವುದಿಲ್ಲ. ಆ ಖುಷಿಗೆ ಮಾಮಾ ತಮ್ಮ ಮನೆಯಲ್ಲಿ ಹೋಳಿಗೆ ಊಟ ಇಟ್ಟರು. ಬಸವಕಲ್ಯಾಣದಿಂದ ಅವ್ವ, ಚಿಕ್ಕಮ್ಮ, ದೊಡ್ಡಪ್ಪ ಎಲ್ಲ ಜೀಪು ಮಾಡಿಕೊಂಡು ಬಂದರು. ನಾನು ಒಳಗೆ ಕಾಲಿಟ್ಟದ್ದೇ ತಡ, ಗೋಡೆಗೆ ಒರಗಿ ಕೂತಿದ್ದ ದೊಡ್ಡಪ್ಪ ಎದ್ದು ನಿಂತರು. ದೊಡ್ಡಪ್ಪ ಎದ್ದು ನಿಲ್ಲುವುದು ಸ್ವಾಮಿಗಳು ಬಂದರೆ ಮಾತ್ರ. ಚಿಕ್ಕಮ್ಮ ಖುರ್ಚಿ ತಂದು ಹಾಕಿದಳು. ಏನು ವಿಷಯ ಎಂದು ನನಗೆ ಗೊತ್ತಾಗುವ ಮುನ್ನವೇ ಮಾಮಾ ಬಂದವರಿಗೆಲ್ಲ ಕಥೆ ಹೇಳುತ್ತಿದ್ದರು. ಮಷೀನ್ ಫೇಲೇ ಆಗಿತ್ತು, ಎಲ್ಲರ ಎದುರಿಗೆ ನನ್ನ ಮಗಳಂಥ ಪದ್ದಿ ಭಾಳ ಕಡಕ್ ಮಾತಾಡಿದಳು, ಆಮೇಲೆ ಊಟ ಆದಮೇಲೆ ಬಾಗಿಲು ಹಾಕಿಕೊಂಡು ಸುಮ್ಮನೆ ಡಿಟೆಕ್ಟರ್ ಬದಲಿಸಿ ಪಾಸು ಮಾಡಿಸಿಬಿಟ್ಟಳು. ಕೋಠಿಗೆ ಹೋಗಿ ತಂದ ಕೆಪಾಸಿಟರಿನ ಸುದ್ದಿಯೇ ಇಲ್ಲ.

ನನಗೆ ಮೈಯೆಲ್ಲ ಉರಿದುಹೋಯಿತು. ಹಾಗಲ್ಲ, ನಾನು ಏನೂ ಮಾಡಿಲ್ಲ, ಯಂತ್ರ ತನ್ನ ಯೋಗ್ಯತೆಯಿಂದಲೇ ಪಾಸಾಗಿದೆ, ಅದು ಮಾಮಾನದೇ ಸಾಧನೆ ಎಂದು ಎಷ್ಟು ಹೇಳಿದೆ. ಮೊದಲು ಹಚ್ಚುವುದು ಪೀಕ್, ಆಮೇಲೆ ಹಚ್ಚುವುದು ಕ್ವಾಸಿ ಪೀಕ್ ಎಂದು ತುಂಬಿದ ಮನೆಯ ಬಾಗಿಲಿನ ಉದಾಹರಣೆಯನ್ನೂ ಕೊಟ್ಟೆ. ಕೊಡುವಾಗಲೇ ತಿಳಿಯಿತು, ಆ ಉದಾಹರಣೆಯನ್ನು ತುಂಬಿದ ಮನೆಯಲ್ಲಿ ಕೊಡಬಾರದು. ಕಿರುಚುವವರು ಅಂತ ನನಗs ಅಂದಿ ಹೌದಿಲ್ಲೇ ಎಂದು ಚಿಕ್ಕಮ್ಮ ಮುಖ ಊದಿಸಿಕೊಂಡಳು. ಮಾಮಾ ಮಾತ್ರ ನನ್ನ ಪ್ರತಿಯೊಂದು ಮಾತಿಗೂ ಪ್ರೀತಿಯಿಂದ ತಲೆದೂಗಿ, ಸುತ್ತ ಇದ್ದವರ ಕಡೆ ತಿರುಗಿದರು.

"ಆಕಿ ಹಂಗs ಅನಬೇಕಲ್ಲರಿ. ಸರ್ಕಾರಿ ರೂಲ್ ಇರ್ತಾವು."

ಎಲ್ಲರೂ ಮೆಚ್ಚಿ ಹೂಂಗುಟ್ಟಿದರು. ನಾನು ಅಲ್ಲಗಳೆದಷ್ಟೂ ನನ್ನ ಪ್ರಭಾವ ಹೆಚ್ಚಾಗುತ್ತ ಹೋಯಿತು. ಯಾರೋ ತಮ್ಮ ಮಗನ ಡ್ರೈವಿಂಗ್ ಪರೀಕ್ಷೆಯ ವಿಷಯ ಎತ್ತಿದರು, ಇನ್ನಾರೋ ಮೊಣಕಾಲಿನ ಎಕ್ಸರೇ ತಂದಿದ್ದರು. ನನ್ನ ಗಂಡ ಮೂಲೆಯಲ್ಲಿ ಕೂತು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ ಇದನ್ನೆಲ್ಲ ಬಹಳ ಆನಂದದಿಂದ ನೋಡುತ್ತಿದ್ದರು. ಆಗ ಪಕ್ಕದ ಮನೆಯ ಹೆಂಗಸೊಬ್ಬರು, ಇವರು ಯಾರು ಎಂದು ಅವ್ವನನ್ನು ಕೇಳಿದರು. ಇಷ್ಟು ವರ್ಷ ಯಾರಾದರೂ ಹೀಗೆ ಕೇಳಿದರೆ ಅವ್ವ, ಏನೋ ಕರೆಂಟಿನ ಮೀಟರ್ ನೋಡ್ತಾಳ ಎಂದು ಹೇಳಿ ಮಾತು ಬದಲಿಸುತ್ತಿದ್ದಳು. ಅವತ್ತು ಸೆರಗು ಸರಿಮಾಡಿಕೊಂಡು, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

"ನನ್ನ ಮಗಳ್ರಿ. ಪಾಸ್ ಮಾಡೂದು, ಫೇಲ್ ಮಾಡೂದು, ಎಲ್ಲಾ ಆಕಿ ಕೈಯಾಗ ಐತಿ."

ಬಾಯಿ ಬಿಟ್ಟೆ. ಇಲ್ಲ ಎನ್ನಬೇಕು. ಇಷ್ಟು ವರ್ಷಗಳ ನನ್ನ ಪ್ರಾಮಾಣಿಕತೆ ಒಂದು ದಿನವೂ ತಂದುಕೊಡದಿದ್ದ ಬೆಳಕು ಅವ್ವನ ಮುಖದಲ್ಲಿತ್ತು, ದೊಡ್ಡಪ್ಪ ಇನ್ನೂ ನಿಂತೇ ಇದ್ದರು. ಬಿಟ್ಟ ಬಾಯಿಗೆ ಮಾಮಾ ಒಂದು ಹೋಳಿಗೆ ಇಟ್ಟರು. ಬಿಸಿಯಾಗಿತ್ತು, ಏಲಕ್ಕಿ ಹದವಾಗಿತ್ತು. ಅದನ್ನು ಪೂರ್ತಿ ಅಗಿದು ನುಂಗಿದೆ. ಆಮೇಲೆ ಖುರ್ಚಿಯಲ್ಲಿ ಇನ್ನೊಂದಿಷ್ಟು ನೆಟ್ಟಗೆ ಕೂತು, ಆ ಎಕ್ಸರೇ ಇತ್ತ ಕೊಡಿ ನೋಡೋಣ ಎಂದೆ.